ನಕ್ಷೆಯಿಂದ ತೆಗೆದ ಅಂಗಳ

ಕಟಪಾಡಿಯಲ್ಲಿ ಹಂಝ ಗಾಳಿ ಇಳಿಸಿಕೊಟ್ಟ.
'ಜಲ್ಲಿಗೆ ಹೊಟ್ಟೆ ತುಂಬಿದ ಟಯರು ಆಗುವುದಿಲ್ಲ ಮಾರಾಯ್ರೆ,
ಸ್ವಲ್ಪ ಹಸಿದಿರಬೇಕು.'
ನನ್ನ ಮೊಣಕಾಲು ನೋಡಿ ಇನ್ನೇನೋ ಹೇಳಹೊರಟು
ಬೀಡಿ ಹಚ್ಚಿದ.

ಐವತ್ತಮೂರಕ್ಕೆ ಸೈಕಲ್ಲು ಹತ್ತಿದವನು ನಾನು,
ಬ್ಯಾಂಕಿನ ಕುರ್ಚಿಯಿಂದ ನೇರ.
ಕ್ಲಬ್ಬಿನವರ ಅಪ್ಪಣೆ: ಡಾಮರು ಬೇಡ,
ಹೊಳೆಯ ಬದಿ, ಬಳ್ಳಿಗಳ ನಡುವೆ ಮಣ್ಣುದಾರಿ ಹುಡುಕು,
ಆ ವಿಡಿಯೋದ ದ್ರಾಕ್ಷಿತೋಟದ ಹಾಗೆ.
ನಮ್ಮಲ್ಲಿ ಬಳ್ಳಿಯೆಂದರೆ ಬಸಳೆ.

ಮಟ್ಟುವಿನಲ್ಲಿ ಹೊಳೆ ಯಾವ ಕಡೆ ಹರಿಯುವುದೆಂದು
ಇನ್ನೂ ತೀರ್ಮಾನಿಸಿರಲಿಲ್ಲ.
ಭರತ ನಿಂತು ಇಳಿತ ಹಿಡಿಯುವ ಹೊತ್ತು.
ಮರುವಾಯಿ ಹೆಕ್ಕುವವರ ತಲೆಯ ಬೈರಾಸು ಮಾತ್ರ
ನೀರ ಮೇಲೆ ಅತ್ತಿತ್ತ.
ಕಿಂಡಿ ಅಣೆಕಟ್ಟಿನ ಹಲಗೆಸಂದಿಯಲ್ಲಿ
ಸಿಹಿನೀರು ಉಪ್ಪುನೀರಿಗೆ
ತೊಟ್ಟು ತೊಟ್ಟಾಗಿ ಸಾಲ ಕೊಡುತ್ತಿತ್ತು,
ವಾಪಸು ಬರದು ಎಂದು ಗೊತ್ತಿದ್ದೂ.

ಗುಳ್ಳದ ಗದ್ದೆಯ ಹುಣಿ ಚಕ್ರದಷ್ಟೇ ಅಗಲ.
ಎರಡೂ ಕಡೆ ಮುಳ್ಳುದಂಟು, ದುಂಡು ಹಸಿರು ಬದನೆ.
ಇಲ್ಲಿ ಬಿದ್ದರೆ ಸಾಂಬಾರಿಗೇ ಬಿದ್ದಂತೆ.

ಗುಡ್ಡೆ ಏರಿದರೆ ಮುರಕಲ್ಲಿನ ಜಲ್ಲಿ,
ಕೋರೆಯವರು ಬಿಟ್ಟುಹೋದದ್ದು, ಕೆಂಪು, ಹಲ್ಲಿರುವಂಥದ್ದು.
ಸದ್ದೋ,
ಬಾಯ್ತುಂಬ ಹುರಿಗಡಲೆ ಇಟ್ಟುಕೊಂಡು
ಯಾರೋ ಗುಟ್ಟು ಹೇಳಿದ ಹಾಗೆ.
ಫೋನಿನಲ್ಲಿ ನೀಲಿ ಗೆರೆ ನನ್ನ ಹಿಂದೆಯೇ ಬೆಳೆಯುತ್ತ
ಶಂಕರಪುರದ ಎರಡು ಮಲ್ಲಿಗೆಸಾಲಿನ ನಡುವೆ ನುಸುಳಿ
ಒಂದು ಬಾವಿಕಟ್ಟೆಯ ಮುಂದೆ ನಿಂತಿತು.

'ಇದು ದಾರಿಯಲ್ಲ, ಅಂಗಳ,'
ಬಾಳೆನಾರಿನಿಂದ ಕಣ್ಣೆತ್ತದೆ ಅಪೊಲಿನ್ ಬಾಯಿ.
'ಮ್ಯಾಪಿನಲ್ಲಿ ದಾರಿ ಅಂತ ಉಂಟು.'
'ಹೌದಾ? ಅದು ಇಲ್ಲಿಗೆ ಬಂದಿತ್ತಾ? ಯಾವಾಗ?
ನಾನು ಮನೆಯಲ್ಲೇ ಇದ್ದೆನಲ್ಲ.'

ಚಪ್ಪರದಲ್ಲಿ ಅರ್ಧ ಬಸಳೆ, ಅರ್ಧ,
ನಂಬಿ, ದ್ರಾಕ್ಷಿ.
ತಮ್ಮ ನಾಶಿಕದಿಂದ ತಂದ ಕಡ್ಡಿ, ಹನ್ನೊಂದು ವರ್ಷವಾಯಿತಂತೆ.
ಉಪ್ಪುಗಾಳಿಗೆ ಮುನಿದು ವರ್ಷಕ್ಕೆ ಎರಡೇ ಗೊಂಚಲು, ಅದೂ ಹುಳಿ.
ಕ್ರಿಸ್ಮಸ್ಸಿನ ವೈನಿಗೆ ಪೇಟೆಯ ದ್ರಾಕ್ಷಿಯೇ.
'ಮೇಲಿಂದ ಇದರದ್ದೊಂದು ಮುಷ್ಟಿ ಹಾಕ್ತೇನೆ.
ಅದಕ್ಕೂ ಬೇಜಾರಾಗಬಾರದಲ್ಲ.'

ರಿಕ್ಷಾದವನು ಫೋನು ಎತ್ತಲಿಲ್ಲ.
ಎಂಟೂವರೆ.
ಒಂಬತ್ತರೊಳಗೆ ಕಟಪಾಡಿ ಸೇರದ ಹೂವು
ಆಮೇಲೆ ಬರೀ ತೂಕ.
ಬಾಯಿ ನನ್ನ ಸೈಕಲ್ಲನ್ನು ಮೊದಲ ಸಲ ಪೂರ್ತಿ ನೋಡಿದರು,
ಹ್ಯಾಂಡಲಿನಿಂದ ಹಿಂಗಾಲಿಯವರೆಗೆ.
'ಇಷ್ಟು ದೊಡ್ಡ ಸೈಕಲ್ಲಿಗೆ ಕ್ಯಾರಿಯರ್ ಇಲ್ವಾ?'
ಒಂದೂವರೆ ಲಕ್ಷದ್ದು ಎಂದು ನಾನು ಹೇಳಲಿಲ್ಲ.

ಬಾಳೆಲೆಯಲ್ಲಿ ಸುತ್ತಿದ ಎರಡು ಅಟ್ಟೆ,
ಒದ್ದೆ ಬೈರಾಸಿನಲ್ಲಿ ನನ್ನ ಬೆನ್ನಿಗೆ ಕಟ್ಟಿದರು
ಮಗುವನ್ನು ಕಟ್ಟುವ ಹಾಗೆ,
ಗಂಟನ್ನು ಎರಡು ಸಲ ಎಳೆದು ನೋಡಿ.

ಇಳಿಜಾರಿನಲ್ಲಿ ಬ್ರೇಕು ಹಿಡಿಯಬೇಕಿತ್ತು, ಹಿಡಿಯಲಿಲ್ಲ.
ಜಲ್ಲಿ ಸಿಡಿದು ಗೇರುಮರದ ಬುಡಕ್ಕೆ ತಗಲಿತು.
ಬೆನ್ನು ತಣ್ಣಗೆ, ಎದೆ ಬಿಸಿ.
ಮೊಗ್ಗುಗಳು ಇನ್ನೂ ಬಿಗಿಯಾಗೇ ಇದ್ದಾವೆಯೇ
ಎಂದು ಬೆನ್ನುಮೂಳೆಯನ್ನೇ ಕೇಳುತ್ತ ತುಳಿದೆ.
ಈ ಸೈಕಲ್ಲು ಇಂದಿನವರೆಗೆ
ನನ್ನೊಬ್ಬನನ್ನಲ್ಲದೆ ಏನನ್ನೂ ಹೊತ್ತಿರಲಿಲ್ಲ.

ಒಂಬತ್ತಕ್ಕೆ ಮೂರು ನಿಮಿಷ.
'ಬಾಯಿಯ ಹೂವಾ? ನೀವ್ಯಾರು?'
ಉತ್ತರಕ್ಕೆ ಕಾಯದೆ ಹೂವಿನಂಗಡಿಯವನು ಚೀಟಿ ಬರೆದ.
ಹಂಝನ ಬಳಿ ಹಳೆಯದೊಂದು ಕ್ಯಾರಿಯರ್ ಇತ್ತು.
'ಇದಕ್ಕೆ ಅದು ಚಂದ ಕಾಣುವುದಿಲ್ಲ,' ಎಂದ.
ಹಾಕು ಎಂದೆ.

ರಾತ್ರಿ ಕ್ಲಬ್ಬಿಗೆ ದಾರಿ ಕಳಿಸಿದೆ.
ಹೊಳೆ ಇದೆ, ಹುಣಿ ಇದೆ, ಗುಡ್ಡೆಯ ಜಲ್ಲಿ ಪೂರ್ತಿ ಇದೆ.
ಶಂಕರಪುರದ ಹತ್ತಿರ ಮಾತ್ರ
ಗೆರೆ ತೋಡು ಬಳಸಿ ಡಾಮರು ಹತ್ತುತ್ತದೆ.
'ಅಲ್ಯಾಕೆ ಸುತ್ತು?' ಎಂದು ಕೇಳಿದ ಪ್ರಜ್ವಲ.
ನಾಯಿ ಉಂಟು, ಎಂದೆ.